ಬೆಕ್ಕಿಗೆ ಕೆಮ್ಮು

ಗೊಳಸಂಗಿಯಲ್ಲಿ ಬಸ್ಸಿಳಿದ ಡಾಕ್ಟರ್ ಅಮೋಘಸಿದ್ಧ ಬಾಯಿ ಮುಚ್ಚಿಕೊಂಡು ಒಂದು ಚಹಾ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಕುಡಿಯುವ ಮೊದಲೇ ಕೇಳಿಬಿಟ್ಟರು.

“ಈ ಊರಾಗ ತಲಿ ಸರಿ ಇಲ್ಲದವ್ರು ಯಾರರ ಅದಾರೇನ್ರಿ?”

ಚಹಾದಂಗಡಿಯ ನಬಿಲಾಲ ಸೋಸುವುದನ್ನು ನಿಲ್ಲಿಸಿದ. “ಅದಾರ್ರಿ. ಹೋದ ಸಲ ಎಲ್ಲಾರೂ ಪಂಚಾಯ್ತಿಗೆ ಆರಿಸಿ ಬಂದಾರ” ಎಂದ. ಯಾರೂ ನಗಲಿಲ್ಲ. ಬೆಂಚಿನ ಮೇಲೆ ಕುಳಿತವರು ಒಬ್ಬೊಬ್ಬರಾಗಿ ಎದ್ದು ಧೋತರ ಝಾಡಿಸಿಕೊಂಡು ಹೊರಟುಹೋದರು. ಉಳಿದವರು ನಿವೃತ್ತ ಹೆಡ್‌ಮಾಸ್ತರ ಗುರುಲಿಂಗಪ್ಪ ಒಬ್ಬರೇ. ಮಂದಿಯ ಉಸಾಬರಿ ಇಲ್ಲದಿದ್ದರೆ ಅವರಿಗೆ ಉಂಡ ಅನ್ನ ಕರಗುತ್ತಿರಲಿಲ್ಲ.

ಡಾಕ್ಟರರು ಅವರ ಮುಂದೆ ತಮ್ಮ ಗೋಳು ತೋಡಿಕೊಂಡರು. ಇಲ್ಲದ ದನಿ ಕೇಳಿಸುವ, ಇಲ್ಲದ ವೈರಿ ಕಾಣಿಸುವ ಚಿತ್ತವಿಕಲತೆಗೆ ಈಗ ಗುಳಿಗೆ ಬಂದಿದೆ. ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡು ಗುಣಪಡಿಸಬಹುದೇ ಎಂಬುದು ಅವರ ಸಂಶೋಧನೆ. ಆದರೆ ರೋಗಿಯೇ ಸಿಗಲೊಲ್ಲ. ಇಂಡಿಯಲ್ಲಿ ಕೇಳಿದರೆ ಸಿಂದಗಿಯ ಕಡೆ ಬೆರಳು ತೋರಿಸಿದರು, ಸಿಂದಗಿಯಲ್ಲಿ ಮುದ್ದೇಬಿಹಾಳದ ಕಡೆ. ಈ ತಿಂಗಳು ಒಬ್ಬನಾದರೂ ಸಿಗದಿದ್ದರೆ ಸಂಶೋಧನೆ ಮುಚ್ಚಿಬಿಡುವುದಾಗಿ ಪ್ರೊಫೆಸರರು ಹೇಳಿದ್ದಾರೆ. ಸಾಲದ್ದಕ್ಕೆ ಒಂದು ಷರತ್ತು: ಸಂಶೋಧಕನ ನೆಂಟರು, ಬೀಗರು ಯಾರೂ ಲೆಕ್ಕಕ್ಕಿಲ್ಲ.

“ಈ ಊರಿನ ಹುಡುಗಿ ಒಬ್ಬಾಕಿ ವಿಜಾಪುರಕ್ಕ ನಮ್ಮ ದವಾಖಾನಿಗೆ ಬಂದಿದ್ಲು, ಮಾಸ್ತರ. ‘ನಮ್ಮ ಓಣ್ಯಾಗಿನವ್ರ ಮಗ ಒಬ್ಬಾಂವ ಕೋಲಿ ಬಿಟ್ಟು ಹೊರಗ ಬರೂದಿಲ್ಲ, ರೊಟ್ಟ್ಯಾಗ ವಿಷ ಐತಿ ಅಂತಾನ’ ಅಂದ್ಲು. ಗುಳಿಗಿ ದಿನಾ ಬಿಡದಂಗ ಕೊಡಬೇಕು ಅಂದೆ. ಹೆಸರ ಕೇಳೂದ್ರಾಗ ಓಡಿಹೋದ್ಲು.”

ಮಾಸ್ತರರು ತಲೆಯಾಡಿಸಿದರು. “ಹುಚ್ಚ ಎಲ್ಲ್ಯದಾನ ಅಂತ ಕೇಳಿದ್ರ ನಿಮಗ ನೀರೂ ಹುಟ್ಟೂದಿಲ್ಲ. ಅವನ ಬೆನ್ನಿಗೆ ತಂಗಿ ಇರತಾಳ, ಆಕಿ ಮದುವಿ ಆಗಬೇಕಲ್ಲ? ಕನ್ಯಾ ನೋಡಾಕ ಬಂದೇನಿ ಅನ್ರಿ. ಎಲ್ಲಾ ಬಾಗಲಾ ತಗೀತಾವ.”

“ಸುಳ್ಳ ಹೇಳೂದೇನ್ರಿ?”

“ಸುಳ್ಳ ಯಾಕ? ನಿಮಗ ಲಗ್ನ ಆಗೇತೇನು?”

ಆಗಿರಲಿಲ್ಲ. ಹುಚ್ಚರ ಡಾಕ್ಟರಿಗೆ ಹೆಣ್ಣು ಕೊಡುವವರು ಯಾರು?

“ಒಂದ ಮಾತು ನೆನಪಿಡ್ರಿ” ಎಂದರು ಮಾಸ್ತರರು. “ಚಹಾ ಕುಡೀರಿ, ಉಪ್ಪಿಟ್ಟು ತಿನ್ರಿ. ಸಕ್ರಿ ಮಾತ್ರ ಮುಟ್ಟಬ್ಯಾಡ್ರಿ. ಹಿರ್ಯಾರ ಮುಂದ ವರ ಆದಾಂವ ಹುಡುಗಿಯ ಅಣ್ಣನ ಜೋಡಿ ಒಂದ ಬಟ್ಟಲದಾಗಿನ ಸಕ್ರಿ ತಿಂದ್ರ ಇಲ್ಲಿ ಲಗ್ನ ಗಟ್ಟಿ ಆದಂಗ.”

ಬಾಗಿಲುಗಳೇನೋ ತೆರೆದವು. ವರ ಬಂದನೆಂದರೆ ನಾಲ್ಕು ಮಂದಿ ಹಿರಿಯರು ಸೇರಲೇಬೇಕಲ್ಲ, ಅವರೂ ಮಾಸ್ತರರ ಜೊತೆ ಮನೆಯಿಂದ ಮನೆಗೆ ಹಿಂದೆ ಹಿಂದೆಯೇ ಬಂದರು. ಆದರೆ ಮಾಸ್ತರರ ಲೆಕ್ಕದಲ್ಲಿ ಒಂದು ತಪ್ಪಿತ್ತು. ಯಾವ ಮನೆಯವರೂ ಹುಚ್ಚನನ್ನು ಮೊದಲು ಮುಚ್ಚಿಡುವುದು ವರನ ಕಡೆಯವರಿಂದಲೇ!

ಕಾಶಿಬಾಯಿಯ ಮನೆಯಲ್ಲಿ ಡಾಕ್ಟರರು ಮೆಲ್ಲನೆ, “ಮನ್ಯಾಗ ತಮ್ಮಷ್ಟಕ್ಕ ತಾವ ಮಾತಾಡವ್ರು ಯಾರರ…” ಎಂದು ಮಾತು ತೆಗೆದರು.

“ಛೇ ಛೇ! ನಮ್ಮ ಹುಡುಗಿ ಮಂದಿ ಜೋಡೀನೂ ಮಾತಾಡೂದಿಲ್ರಿ” ಎಂದಳು ಕಾಶಿಬಾಯಿ.

ಅಷ್ಟರಲ್ಲಿ ಒಳಗಿನ ಕೋಲಿಯಲ್ಲಿ ಏನೋ ಧಡ್ ಎಂದು ಬಿತ್ತು.

“ಬೆಕ್ಕರಿ” ಎಂದಳು ಕಾಶಿಬಾಯಿ.

ಬೆಕ್ಕು ಗಂಡಸಿನ ದನಿಯಲ್ಲಿ ಎರಡು ಸಲ ಕೆಮ್ಮಿತು.

“ಥಂಡಿ ಆಗೇತ್ರಿ ಅದಕ್ಕ.”

ಡಾಕ್ಟರರು ಉಪ್ಪಿಟ್ಟು ನುಂಗಿ ಎದ್ದರು. ಮುಂದಿನ ಮನೆಯಲ್ಲಿ ಗೋಡೆಯ ಹಿಂದೆ ಹಾಡುತ್ತಿದ್ದದ್ದು ರೇಡಿಯೊ ಅಂತೆ. ಆ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ರೇಡಿಯೊ ನಡುನಡುವೆ ನೀರು ಬೇರೆ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರರ ಹೊಟ್ಟೆಯಲ್ಲಿ ಉಪ್ಪಿಟ್ಟಿಗೂ ಚಹಾಕ್ಕೂ ಜಾಗಕ್ಕಾಗಿ ತಕರಾರು ನಡೆದಿತ್ತು. ರೋಗಿ ಮಾತ್ರ ಒಬ್ಬನೂ ಇಲ್ಲ.

ಕೊನೆಗೆ ಸಾತವ್ವನ ಮನೆ. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಚಹಾ ತಂದ ಮಗಳು ಕಸ್ತೂರೆವ್ವ ವರನ ಮುಖದ ಗುರುತು ಹಿಡಿದು ಅವರ ಚಹಾವನ್ನು ಪಕ್ಕದ ಹಿರಿಯರ ಮುಂದೆ ಇಟ್ಟಳು. ವಿಜಾಪುರಕ್ಕೆ ಬಂದಿದ್ದವಳು ಇವಳೇ.

“ಓಣ್ಯಾಗಿನವ್ರ ಮಗ ಹೆಂಗದಾನ?” ಎಂದು ಡಾಕ್ಟರರು ಪಿಸುಗುಟ್ಟಿದರು.

“ನೀವು ಒರಗಿ ಕೂತ ಗ್ವಾಡಿ ಹಿಂದ ಅದಾನ್ರಿ” ಎಂದಳು ಆಕೆ. “ನಮ್ಮಣ್ಣ.”

ಡಾಕ್ಟರರು ಹಿರಿಯರ ಮುಂದೆಯೇ ಎದ್ದು ಒಳಗೆ ಹೋದರು. ಧರೆಪ್ಪ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದ. ನಿದ್ದೆಯಿಲ್ಲದ ಕಣ್ಣು. ಡಾಕ್ಟರರು ಅವನ ಮಗ್ಗುಲಲ್ಲಿ ನೆಲದ ಮೇಲೆ ಕುಳಿತರು. ಅವನಿಗೆ ಕೇಳುವ ದನಿಗಳನ್ನು ಒಂದೊಂದಾಗಿ ವಿಚಾರಿಸಿದರು, ಯಾವುದಕ್ಕೂ ನಗಲಿಲ್ಲ. ಬಹಳ ಹೊತ್ತಿನ ಮೇಲೆ ಗುಳಿಗೆ ತೆಗೆದರು.

“ಮೊದಲ ನೀ ತಿನ್ನು” ಎಂದ ಧರೆಪ್ಪ.

ಡಾಕ್ಟರರು ಕೈ ಹಿಂದಕ್ಕೆ ತೆಗೆದರು. ಅದನ್ನು ತಿಂದರೆ ಅವರು ನಿದ್ದೆ ಹತ್ತಿ ಇಲ್ಲೇ ಅಡ್ಡಾಗಿ, ಸಂಜೆಯ ಬಸ್ಸು ಬಾಗೇವಾಡಿ ಮುಟ್ಟಿದರೂ ಏಳುತ್ತಿರಲಿಲ್ಲ.

“ನೀ ತಿನ್ನದ್ದು ನನಗ್ಯಾಕ?” ಎಂದ ಧರೆಪ್ಪ. ಮಾತು ನ್ಯಾಯವಾಗಿಯೇ ಇತ್ತು.

ಅಷ್ಟರಲ್ಲಿ ಕಸ್ತೂರೆವ್ವ ಒಂದು ಬಟ್ಟಲು ತಂದು ನಡುವೆ ಇಟ್ಟಳು. “ಅಣ್ಣಾ, ಮೊದಲ ಅವ್ರು ಇದನ್ನ ತಿನ್ನಲಿ. ಆಮ್ಯಾಲೆ ನೀನೂ ತಿನ್ನು. ಆಮ್ಯಾಲೆ ಗುಳಿಗಿ.”

ಡಾಕ್ಟರರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಧರೆಪ್ಪ ಅವರ ಗಂಟಲನ್ನೇ ನೋಡಿದ, ಕಣ್ಣನ್ನು ನೋಡಿದ. “ಇಂವ ವಿಷಾ ಹಾಕೂ ಮನಷ್ಯಾ ಅಲ್ಲ” ಎಂದು ತಾನೂ ತಿಂದ. ಹಿಂದೆಯೇ ಗುಳಿಗೆ ನುಂಗಿ ನೀರು ಕುಡಿದ. ಸಾತವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗ ಇನ್ನೊಬ್ಬರ ಕೈಯಿಂದ ಏನನ್ನಾದರೂ ತಿಂದದ್ದನ್ನು ಅವಳು ಕಂಡು ವರ್ಷಗಳಾಗಿದ್ದವು. ಡಾಕ್ಟರರು ಗುಳಿಗೆಯ ಲೆಕ್ಕ ಬರೆದುಕೊಂಡರು. ಕೊನೆಗೂ ರೋಗಿ ಸಿಕ್ಕ, ಸಂಶೋಧನೆ ಉಳಿಯಿತು!

“ಸಕ್ರಿ ಆತು! ಸಕ್ರಿ ಆತು!” ಎಂದು ಬಾಗಿಲಲ್ಲಿ ಹಿರಿಯರು ಕೂಗಿದರು.

ಆಗ ಡಾಕ್ಟರರು ಬಟ್ಟಲು ನೋಡಿದರು, ಆಮೇಲೆ ಕಸ್ತೂರೆವ್ವನನ್ನು. “ನಿಮಗ ಗೊತ್ತಿತ್ತೇನು?”

ಆಕೆ ತಲೆ ತಗ್ಗಿಸಿದಳು, ದನಿ ತಗ್ಗಿಸಲಿಲ್ಲ. “ಗುಳಿಗಿ ದಿನಾ ಬಿಡದಂಗ ಕೊಡಬೇಕಂತ ವಿಜಾಪುರದಾಗ ನೀವ ಹೇಳಿದ್ರಿ. ನೀವು ಬಸ್ ಹತ್ತಿ ಹೋದ್ರ ನಾಳೆ ಕೊಡವ್ರು ಯಾರ್ರಿ?”

ಡಾಕ್ಟರರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ರೋಗವನ್ನು ಕಣ್ಣಾರೆ ಕಂಡೂ ಹೆದರದ ಹುಡುಗಿ ಇನ್ನೆಲ್ಲಿ ಸಿಕ್ಕಾಳು? ಆದರೆ ಪ್ರೊಫೆಸರರ ಷರತ್ತು ನೆನಪಾಗಿ ಮಾಸ್ತರರ ಕಡೆ ತಿರುಗಿದರು.

“ಮಾಸ್ತರ, ಧರೆಪ್ಪ ಈಗ ನನಗ ನೆಂಟ ಆದ. ಸಂಶೋಧನೆಗೆ ನಡೆಯೂದಿಲ್ಲ!”

“ಅದಕ್ಯಾಕ ಚಿಂತಿ? ಊರಾಗ ಬ್ಯಾರೆ ಮನಿ ಇಲ್ಲೇನು?” ಎಂದರು ಮಾಸ್ತರರು.

ಇದ್ದವು. ಅವರು ಹೇಳಿ ಮುಗಿಸುವುದರೊಳಗೆ ಆ ಮನೆಗಳೆಲ್ಲ ಪಡಸಾಲೆಗೇ ಬಂದವು. ಒಬ್ಬಾಕೆ ಸಾತವ್ವನಿಗೆ ಅತ್ತಿಗೆಯಾಗಬೇಕು, ಇನ್ನೊಬ್ಬಾಕೆ ಚಿಗವ್ವ. ರೇಡಿಯೊ ಮನೆಯಾತ ಸೋದರಮಾವ. ಸಾಲದೆಂದು ನಬಿಲಾಲನೂ ಬಂದು ತಾನು ಧರೆಪ್ಪನಿಗೆ ಕಾಕಾ ಎಂದ. ಎಲ್ಲರಿಗಿಂತ ಮುಂದೆ ಕಾಶಿಬಾಯಿ ಬಂದು ಡಾಕ್ಟರರ ಕಿವಿಯ ಹತ್ತಿರ ಬಾಗಿದಳು.

“ಅಳಿಯಂದ್ರ, ಸಾತವ್ವ ನನಗ ಅಕ್ಕ ಆಗಬೇಕು. ಹೊರಗಿನವ್ರ ಮುಂದ ಆಡೂ ಮಾತಲ್ಲ ಇದು, ನೀವು ಈಗ ಮನಿಯವ್ರಾದ್ರಿ ಅಂತ ಹೇಳಾಕತ್ತೇನಿ. ನಮ್ಮ ಬೆಕ್ಕಿಗೂ ಒಂದೀಟು ಗುಳಿಗಿ ಕೊಡ್ರಿ.”