ಮಾವನ ಕ್ಯಾಲಿಪರ್ ಮತ್ತು ಕಳ್ಳರ ಕಿವಿ

ನಮ್ಮ ಮಾವನ ಎದುರು ಕೂತು ಒಂದು ಲೋಟ ಕಾಫಿ ಕುಡಿದು, ತಾನು ಸಭ್ಯ ಮನುಷ್ಯ ಎಂಬ ನಂಬಿಕೆ ಉಳಿಸಿಕೊಂಡು ಎದ್ದುಹೋದವರನ್ನು ನಾನಂತೂ ಕಂಡಿಲ್ಲ! ಅವರು ಪೊಲೀಸರೂ ಅಲ್ಲ, ಜ್ಯೋತಿಷಿಯೂ ಅಲ್ಲ. ನನ್ನ ಸೋದರತ್ತೆಯ ಗಂಡ, ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಎರಕದ ಸಾಮಾನು ಅಳೆದು ಪಾಸು ಮಾಡುವ ಇನ್‌ಸ್ಪೆಕ್ಟರು. ಆದರೆ ಅವರ ಕಣ್ಣು ನಿಮ್ಮ ಕಿವಿಯ ಮೇಲೆ ನಿಂತಿತೋ, ಮುಗಿಯಿತು. ಯಾವ ಕಾಲದಲ್ಲೋ ಪಕ್ಕದ ಮನೆಯ ಪೇರಲೆಹಣ್ಣು ಕಿತ್ತದ್ದು ನೆನಪಾಗಿ ಬೆವರುತ್ತೀರಿ.

ಅಳತೆಯಲ್ಲಿ ಅವರನ್ನು ಮೀರಿಸುವವರು ಇದ್ದರೇ? ಕಾರ್ಖಾನೆಯಲ್ಲಿ ಪ್ರತಿಯೊಂದು ಸಾಮಾನಿಗೂ ಅಳತೆ ಬರೆದ ಒಂದು ಡ್ರಾಯಿಂಗ್. ಅದಕ್ಕೂ ಎದುರಿಗಿರುವ ಮಾಲಿಗೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಸೀಮೆಸುಣ್ಣದಲ್ಲಿ ಅಡ್ಡಗೆರೆ ಹೊಡೆದು "ರಿಜೆಕ್ಟ್!" ಎನ್ನುತ್ತಿದ್ದರು. ದೊಡ್ಡ ಸಾಹೇಬರೇ ಬಂದು ಕೇಳಿಕೊಂಡರೂ ಆ ಗೆರೆ ಅಳಿಸಿದವರಲ್ಲ. ಮನೆಯಲ್ಲೂ ಜೇಬಿನಲ್ಲಿ ಕ್ಯಾಲಿಪರ್, ಅಗಲ ದಪ್ಪ ಅಳೆಯುವ ಇಕ್ಕಳದಂಥ ಸಾಧನ. ಒಮ್ಮೆ ಅತ್ತೆ ಮಾಡಿದ ಅಕ್ಕಿರೊಟ್ಟಿ ಅಳೆದು, "ಒಂದ್ ಕಡೆ ದಪ್ಪ, ಇನ್ನೊಂದ್ ಕಡೆ ತೆಳು" ಎಂದರಂತೆ. "ಹಂಗಾದ್ರೆ ಇದನ್ನೂ ರಿಜೆಕ್ಟ್ ಮಾಡಿ, ಖಾಲಿ ಹೊಟ್ಟೇಲಿ ಡ್ಯೂಟಿಗೆ ಹೋಗಿ ಮಾರಾಯ್ರೆ" ಎಂದು ಅತ್ತೆ ತಟ್ಟೆಯನ್ನೇ ಎತ್ತಿಕೊಂಡರು. ಮಾವ ತಪ್ಪು ಮಾಲು ಪಾಸು ಮಾಡಿದ್ದು ಆಯುಷ್ಯದಲ್ಲಿ ಅದೊಂದೇ ಸಲ.

ತೊಂಬತ್ತರ ದಶಕದ ಮೊದಲಲ್ಲಿ ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ, ಹಳೇ ಪುಸ್ತಕದ ಗಾಡಿಯಲ್ಲಿ, ಅವರಿಗೆ ರಟ್ಟು ಕಿತ್ತುಹೋದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಕಳ್ಳರೂ ಕೊಲೆಗಡುಕರೂ ಹುಟ್ಟುವಾಗಲೇ ಹಾಗೆ ಹುಟ್ಟುತ್ತಾರಂತೆ, ಅದು ಅಪ್ಪನಿಂದ ಮಗನಿಗೆ ರಕ್ತದಲ್ಲೇ ಇಳಿದು ಬರುತ್ತದಂತೆ. ಅಗಲ ದವಡೆ, ಕೂಡುಹುಬ್ಬು, ಕೆನ್ನೆಗೆ ಅಂಟಿಕೊಂಡ ಕಿವಿಹಾಲೆ ಕಂಡರೆ ಹುಷಾರು! ನಾವು ನೀವಾಗಿದ್ದರೆ ನಕ್ಕು ಬದಿಗಿಡುತ್ತಿದ್ದೆವು. ಮಾವನಿಗೋ, ಇಡೀ ಮನುಷ್ಯಕುಲದ ಡ್ರಾಯಿಂಗೇ ಕೈಗೆ ಸಿಕ್ಕಂತಾಯಿತು. ಅಂದಿನಿಂದ ಒಂದು ನೋಟ್‌ಬುಕ್ ಶುರುವಾಯಿತು. ಹಾಲಿನವನು, ಪೋಸ್ಟ್‌ಮ್ಯಾನ್, ನಮ್ಮ ಹೆಡ್‌ಮಾಸ್ತರು ಎಲ್ಲರೂ ರಿಜೆಕ್ಟ್. ನಮ್ಮ ಅಜ್ಜಿಗೆ ಹಲ್ಲಿಲ್ಲದ ಕಾರಣ ದವಡೆಯಲ್ಲಿ ಸ್ವಲ್ಪ ರಿಯಾಯಿತಿ. ಅವರ ಬೀದಿಯಲ್ಲಿ ಮೂರು ಸಲ ಸೈಕಲ್ ಕದ್ದು ಸಿಕ್ಕಿಬಿದ್ದವನು ಮಾತ್ರ ಎಲ್ಲ ಅಳತೆಯಲ್ಲೂ ಪಾಸ್!

ಒಂದು ಸಲ ನಾನೂ ಅವರೂ ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಪಕ್ಕದಲ್ಲಿ ಕೂತವನ ದವಡೆ ನೋಡಿ ಮಾವ ಬ್ಯಾಗು ಎದೆಗವಚಿಕೊಂಡು ಎದ್ದರು. "ಪಕ್ಕಾ ಕಳ್ಳ. ಮುಂದೆ ಹೋಗೋಣ" ಎಂದು ನನ್ನ ಕಿವಿಯಲ್ಲಿ ಉಸುರಿ, ಸಾಧುವಿನಂಥ ಮುಖದವನೊಬ್ಬನ ಬಳಿ ಜಾಗ ಹಿಡಿದರು. ಇಳಿಯುವ ಹೊತ್ತಿಗೆ ಸಾಧುವೂ ಇಲ್ಲ, ಬ್ಯಾಗೂ ಇಲ್ಲ! ಮಾವ ಬ್ಯಾಗಿನಲ್ಲಿಟ್ಟ ಕ್ಯಾಲಿಪರ್ ಹೋಯಿತೆಂದು ನಿಂತಲ್ಲೇ ಕುಸಿದರು. ಅಷ್ಟರಲ್ಲಿ ಆ ದವಡೆಯವನೇ ಏದುಸಿರು ಬಿಡುತ್ತ ಓಡಿಬಂದ. "ಸಾರ್, ನಿಮ್ ಬ್ಯಾಗ್ ಎತ್ಕೊಂಡು ಓಡ್ತಿದ್ದ, ಹಿಡ್ಕೊಂಡು ಕಿತ್ಕೊಂಡೆ" ಎಂದ. ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಟರ್ನರ್ ಕೆಲಸದವನಂತೆ. ಮಾವ ಅವನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ಬ್ಯಾಗಿನಿಂದ ಕ್ಯಾಲಿಪರ್ ತೆಗೆದು, "ತಪ್ಪು ತಿಳ್ಕೋಬೇಡಿ, ಒಂದೇ ನಿಮಿಷ, ನಿಮ್ ದವಡೆ..." ಎಂದರು. ಆತ ಬಂದದ್ದಕ್ಕಿಂತ ಜೋರಾಗಿ ಓಡಿದ.

ಹೀಗೆ ನಗುತ್ತಿದ್ದ ನನ್ನ ನಗು ಅಡಗಿದ್ದು ನನ್ನ ಮದುವೆಯ ಮಾತು ಬಂದಾಗ. ಹುಡುಗ ಆಯನೂರಿನವನು. ವಿನೋಬನಗರದ ಒಂದು ಕ್ಲಿನಿಕ್ಕಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದ. ನಾನು ಅವನನ್ನು ಮೆಚ್ಚಿದ್ದೆ, ಸುಳ್ಳೇಕೆ? ಆದರೆ ಅವನಪ್ಪ ಬೇಲಿಯ ಜಗಳದಲ್ಲಿ ಒಬ್ಬರ ತಲೆ ಒಡೆದು ಜೈಲಿಗೆ ಹೋಗಿದ್ದರು. "ಹುಡುಗ ಚಿನ್ನ. ಆದ್ರೆ ರಕ್ತ?" ಎಂದು ಅಪ್ಪ ತಲೆ ಮೇಲೆ ಕೈಹೊತ್ತರು. "ಭದ್ರಾವತಿ ಅಳಿಯಂದ್ರು ಅಳ್ದು ಹೇಳ್ಲಿ. ಅವ್ರು ಪಾಸ್ ಅಂದ್ರೆ ಪಾಸ್, ಇಲ್ಲ ಅಂದ್ರೆ ಈ ಸಂಬಂಧ ಬ್ಯಾಡ" ಎಂದು ಅಜ್ಜಿ ತೀರ್ಪು ಕೊಟ್ಟರು. ಊರಲ್ಲೆಲ್ಲ ಹೆಣ್ಣು ನೋಡುವ ಶಾಸ್ತ್ರವಾದರೆ, ನಮ್ಮಲ್ಲಿ ಗಂಡಿನ ಕಿವಿ ನೋಡುವ ಶಾಸ್ತ್ರ!

ಭಾನುವಾರ ವಿದ್ಯಾನಗರದ ನಮ್ಮ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ತಯಾರಾದವು. ಹುಡುಗನನ್ನು ಕಿಟಕಿಯ ಬೆಳಕಿಗೆ ಕೂರಿಸಿದರು.

"ನೋವಾಗುತ್ತಾ ಸಾರ್?" ಎಂದ ಅವನು.

"ದಿನಾ ಸೂಜಿ ಚುಚ್ಚೋನು ನೀನು. ನೀನೇ ಹೆದರ್ತೀಯಲ್ಲೋ!" ಎಂದರು ಮಾವ.

ಅವರು ಅಳೆದು ಹೇಳುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ದವಡೆ ಅಗಲ, ರಿಜೆಕ್ಟ್. ಹುಬ್ಬು ಕೂಡಿದೆ, ರಿಜೆಕ್ಟ್. ಕಿವಿಹಾಲೆ ಅಂಟಿದೆ, ರಿಜೆಕ್ಟ್. ಈ ಹಾಳು ಮನುಷ್ಯನನ್ನು ಯಾಕಾದರೂ ಕರೆಸಿದರೋ ಎಂದುಕೊಳ್ಳುತ್ತ ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ ಬರೆದೆ.

"ಸಾಕು, ಇನ್ನೇನ್ ಉಳೀತು?" ಎಂದರು ಅಜ್ಜಿ. ಹುಡುಗ ತಲೆತಗ್ಗಿಸಿ ಎದ್ದ.

"ಕೂತ್ಕೊಳೋ. ಒಂದೇ ಪೀಸ್ ಅಳ್ದು ಯಾವ ಇನ್‌ಸ್ಪೆಕ್ಟರೂ ಷರಾ ಬರಿಯಲ್ಲ" ಎಂದ ಮಾವ, ಕ್ಯಾಲಿಪರನ್ನು ನನ್ನ ಕೈಗಿಟ್ಟರು. "ತಗೋ ಮಾರಾಯ್ತಿ, ಈಗ ನಂದು ಅಳೆ."

ಅಳೆದೆ. ದವಡೆ ಹುಡುಗನದಕ್ಕಿಂತ ಒಂದು ಗೆರೆ ಜಾಸ್ತಿಯೇ! ಕಿವಿಹಾಲೆ ಅಂಟಿತ್ತು. ಇಷ್ಟು ವರ್ಷ ನೋಡಿದ ಮುಖ, ಯಾರಾದರೂ ಗಮನಿಸಿದ್ದೆವೇ? "ಹುಬ್ಬಿನ ನಡುವೆ ದಿನಾ ಬೆಳಿಗ್ಗೆ ರೇಜರ್ ಆಡಿಸ್ತೀನಿ. ಅದನ್ನೂ ಬರ್ಕೊ" ಎಂದರು. ಅತ್ತೆ ಸೌಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

ಮಾವ ಅವರ ಕಡೆ ತಿರುಗಿದರು. "ನಮ್ಮಪ್ಪ ಜ್ವರದಲ್ಲಿ ಹೋದ ಅಂತ ಹೇಳಿದ್ನಲ್ಲ, ಅದು ಸುಳ್ಳು ಕಣೇ. ಜೈಲಲ್ಲಿ ಸತ್ತ. ಮನೆಗಳಿಗೆ ಕನ್ನ ಹಾಕ್ತಿದ್ದ."

ಮೂವತ್ತು ವರ್ಷ ಹೆಂಡತಿಯಿಂದಲೂ ಮುಚ್ಚಿಟ್ಟಿದ್ದನ್ನು ಆ ಮನುಷ್ಯ ನನಗೋಸ್ಕರ, ಉಪ್ಪಿಟ್ಟಿನ ತಟ್ಟೆಗಳ ನಡುವೆ ನಿಂತು ಹೇಳಿಬಿಟ್ಟಿದ್ದರು.

"ನಾನು ಕಾರ್ಖಾನೆಯಿಂದ ಒಂದ್ ಮೊಳೇನೂ ಮನೆಗೆ ತಂದೋನಲ್ಲ. ಒಂದ್ ಪೀಸ್ ಡ್ರಾಯಿಂಗಿಗೆ ಹೊಂದ್ಲಿಲ್ಲ ಅಂದ್ರೆ ಪೀಸ್ ತಪ್ಪು. ಬಸ್ಸಲ್ಲಿ ಬ್ಯಾಗ್ ತಂದುಕೊಟ್ಟೋನು, ನಾನು, ಈ ಹುಡ್ಗ, ಯಾರೂ ಹೊಂದ್ಲಿಲ್ಲ ಅಂದ್ರೆ ಡ್ರಾಯಿಂಗೇ ತಪ್ಪು" ಎಂದು ಬ್ಯಾಗಿನಿಂದ ಆ ಪುಸ್ತಕ ತೆಗೆದರು. ಜೇಬಿನ ಕೆಂಪು ಸೀಮೆಸುಣ್ಣದಲ್ಲಿ ಅದರ ಮೊದಲ ಪುಟಕ್ಕೆ ಅಡ್ಡಗೆರೆ ಹೊಡೆದರು. "ರಿಜೆಕ್ಟ್!"

ಅಜ್ಜಿ ತಟ್ಟೆಗಳನ್ನು ಮುಂದಕ್ಕೆ ತಳ್ಳಿ, "ಉಪ್ಪಿಟ್ಟು ಆರ್ತಾ ಐತೆ, ಅಳಿಯಂದಿರಿಬ್ರೂ ತಿನ್ನಿ" ಎಂದರು. "ಇಬ್ರೂ" ಎಂದದ್ದು ನನಗೆ ಸರಿಯಾಗಿ ಕೇಳಿಸಿತು.

ಮದುವೆಯಾದ ಮರುವರ್ಷ ನನ್ನ ಮಗಳು ಹುಟ್ಟಿದಾಗ ಮಾವ ನೋಡಲು ಬಂದರು. ಅಪ್ಪನದೇ ಕಿವಿ, ಅಂಟಿದ ಹಾಲೆ. ಅದನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, ಜೇಬಿಗೆ ಕೈಹಾಕಿದರು. ನಾನು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡೆ. ಹೊರಬಂದದ್ದು ಆ ನೋಟ್‌ಬುಕ್. "ಪುಟ ಬೇಕಾದಷ್ಟು ಉಳ್ದಿದಾವೆ. ದೊಡ್ಡೋಳಾದ್ಮೇಲೆ ಗೀಚೋಕಾಗುತ್ತೆ" ಎಂದು ಕೊಟ್ಟು ಹೋದರು.

ಆಮೇಲೆ ತಿರುವಿ ನೋಡಿದೆ. ಕೊನೆಯ ಪುಟದಲ್ಲಿ ಅವರದೇ ಹೆಸರು. ಪ್ರತಿ ಹುಟ್ಟುಹಬ್ಬಕ್ಕೆ ಒಂದು ಸಾಲು: ದವಡೆಯ ಅಳತೆ, ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ, "ಈ ವರ್ಷವೂ ಏನೂ ಕದ್ದಿಲ್ಲ." ನಾವೆಲ್ಲ ನಗುತ್ತಿದ್ದ ಅಷ್ಟೂ ವರ್ಷ ಆ ಮನುಷ್ಯ ತನಗೆ ತಾನೇ ಹೆದರಿಕೊಂಡು ಬದುಕಿದ್ದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗಳಗಳ ಅತ್ತುಬಿಟ್ಟೆ. ಆಮೇಲೆ ಪೆನ್ಸಿಲ್ ಹುಡುಕಿ, ಒಂದೊಂದು ಸಾಲಿನ ಮುಂದೂ "ಪಾಸ್" ಎಂದು ಬರೆದೆ.