ನಮ್ಮ ಹಿತ್ತಲಲ್ಲಿ ಬೀಡುಬಿಟ್ಟಿರುವ ಪೈಲಿಂಗ್ ಯಂತ್ರದ ಸನ್ನಿಧಾನಕ್ಕೆ

ಮಾನ್ಯರೇ,

ಭೂಮಿಯನ್ನು ಕೊರೆದು ಕಾಂಕ್ರೀಟಿನ ಕಂಬ ಇಳಿಸಲೆಂದೇ ಹುಟ್ಟಿ, ಹಿರೇಗುಂಟನೂರಿನ ನಮ್ಮ ಹಿತ್ತಲಿನಲ್ಲಿ ಇಪ್ಪತ್ಮೂರು ದಿನಗಳಿಂದ ಕತ್ತೆತ್ತಿ ನಿಂತಿರುವ ಹಳದಿ ಬಣ್ಣದ ತಮ್ಮ ಘನ ಸನ್ನಿಧಾನಕ್ಕೆ, ಈ ಮನೆಯ ಯಜಮಾನ ನಿಂಗಪ್ಪನು, ಸದ್ಯಕ್ಕೆ ಮನೆಯೇ ಇಲ್ಲದಿರುವುದರಿಂದ ಬೇವಿನ ಕಟ್ಟೆಯ ಮೇಲೆ ಕುಳಿತು ಸಲ್ಲಿಸುವ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ದಿನಾ ಕಣ್ಣಾರೆ ಕಾಣುತ್ತಿದ್ದೇನೆ. ನಾನು ಚಿಕ್ಕಜಾಜೂರಿನ ಹತ್ತಿರ ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾಯ್ದು ನಿವೃತ್ತನಾದವನು. ಬರುವ ಗಾಡಿಗೂ ಹೋಗುವ ಗಾಡಿಗೂ ಬಾವುಟ ತೋರಿಸಿ ಅಭ್ಯಾಸವಿದೆ. ಬಂದ ಮೇಲೆ ಹೋಗದೇ ನಿಲ್ಲುವವರಿಗೆ ಯಾವ ಬಾವುಟ ತೋರಿಸಬೇಕೆಂದು ನಮಗೆ ಇಲಾಖೆಯವರು ಹೇಳಿಕೊಟ್ಟಿರಲಿಲ್ಲ.

ತಮ್ಮನ್ನು ಬರಮಾಡಿಕೊಂಡ ಕಾರಣ ತಮಗೆ ಮರೆತುಹೋಗಿರಬಹುದು. ನನ್ನ ಹೆಂಡತಿ ದೊಡ್ಡಕ್ಕ ಕಂಬಳಿ ನೇಯುವವಳು. ಒಣಗಾಳಿಗೆ ಉಣ್ಣೆಯ ನೂಲು ಪಟಪಟನೆ ಹರಿಯುತ್ತದೆ, ಆದ್ದರಿಂದ ನೆಲದೊಳಗಿನ ತಂಪಿನಲ್ಲಿ ಮಗ್ಗ ಹೂಡಬೇಕೆಂಬುದು ಅವಳ ಇಪ್ಪತ್ತು ವರ್ಷದ ಆಸೆ. ನೌಕರಿ ಇರುವಷ್ಟು ಕಾಲ ನಾಳೆ ನಾಡಿದ್ದು ಎಂದು ಜಾರಿಕೊಂಡ ನಾನು, ನಿವೃತ್ತನಾದ ಮೇಲೆ ನೆಪ ಸಿಗದೆ ಹಳೆಯ ಮನೆ ಕೆಡವಿ, ನೆಲಮಾಳಿಗೆಯಿರುವ ಹೊಸ ಮನೆಗೆ ಕೈಹಾಕಿದೆ. ಮಗ್ಗವನ್ನು ಬಿಚ್ಚಿ ಟಾರ್ಪಾಲಿನಲ್ಲಿ ಸುತ್ತಿ ಪಕ್ಕದ ಮನೆಯ ಕಾಳಕ್ಕನ ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ. ದೊಡ್ಡಕ್ಕ ದಿನಾ ಹೋಗಿ ಅದನ್ನು ಮುಟ್ಟಿ ನೋಡಿ ಬರುತ್ತಾಳೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಇಂಜಿನಿಯರ್ ಚೇತನ್‌ಕುಮಾರ್ ಅವರು ಶಾಸ್ತ್ರೋಕ್ತವಾಗಿ ಮೊದಲು ಮಣ್ಣು ಪರೀಕ್ಷೆಗೆ ಬಂದರು. ಈಶಾನ್ಯದಲ್ಲಿ ಕೊರೆಯಲು ಹೋದರೆ ಅದು ದೇವಮೂಲೆಯೆಂದು ನಾನು ತಡೆದೆ. ನೈರುತ್ಯದಲ್ಲಿ ಮನೆದೇವರ ಕಲ್ಲಿದೆಯೆಂದು ಅಣ್ಣ ಬೋರಯ್ಯ ತಡೆದ. ನಡುವೆ ನೂಲು ಹಾಸುವ ಜಾಗವೆಂದು ದೊಡ್ಡಕ್ಕ ತಡೆದಳು. ಕಡೆಗೆ ಯಾರ ತಕರಾರೂ ಇಲ್ಲದ ಒಂದೇ ಒಂದು ಜಾಗ ಉಳಿಯಿತು. ಅಲ್ಲಿ ನಮ್ಮ ವಂಶದವರು ಏನನ್ನೂ ಕಟ್ಟಿರಲಿಲ್ಲ, ಒಂದು ಗಿಡ ನೆಟ್ಟಿರಲಿಲ್ಲ, ಎಮ್ಮೆಗೆ ಗೂಟವನ್ನೂ ಹೊಡೆದಿರಲಿಲ್ಲ. ಯಾಕೆಂದು ಯಾರೂ ಕೇಳಿರಲೂ ಇಲ್ಲ. ಅಲ್ಲಿ ಕೊರೆದಾಗ ಹದಿನೈದು ಅಡಿಯವರೆಗೂ ಬರೀ ಪುಡಿಪುಡಿ ಬಂತು. "ಪೂರಾ ಲೂಸ್ ಐತೆ ಸರ್, ಪೈಲ್ ಹಾಕ್ದೆ ಬೇರೆ ದಾರಿನೇ ಇಲ್ಲ" ಎಂದು ಚೇತನ್‌ಕುಮಾರ್ ಬಹಳ ವಿಷಾದದಿಂದ ಹೇಳಿ, ಹನ್ನೆರಡು ಕಂಬಗಳಿಗೆ ಸುಣ್ಣದಲ್ಲಿ ಗುರುತು ಹಾಕಿದರು.

ಆಮೇಲೆ ತಮ್ಮ ಆಗಮನವಾಯಿತು. ತೆಂಗಿನಕಾಯಿ ಒಡೆದೆವು, ತಮ್ಮ ಪಾದಗಳಡಿ ನಿಂಬೆಹಣ್ಣು ಇಟ್ಟೆವು, ಅರ್ಧ ಊರು ತಮ್ಮೊಂದಿಗೆ ಫೋಟೋ ತೆಗೆಸಿಕೊಂಡಿತು. ತಾವು ಮೊದಲನೆಯ ಗುರುತಿನಲ್ಲಿ ಮೂರಡಿ ಇಳಿದು ಬಂಡೆಗೆ ತಾಗಿದಿರಿ. ಎರಡನೆಯದರಲ್ಲಿ ಎರಡೂವರೆ ಅಡಿ. ಹೀಗೆ ಹನ್ನೆರಡೂ ಕಡೆ ಬಂಡೆಯನ್ನು ಒಂದೊಂದಾಗಿ ಮಾತಾಡಿಸಿ, ಕೊನೆಯದರಲ್ಲಿ ತಮ್ಮ ಕೊರೆಯುವ ಹಲ್ಲುಗಳನ್ನೇ ನಮ್ಮ ನೆಲಕ್ಕೆ ಕಾಣಿಕೆಯಾಗಿ ಒಪ್ಪಿಸಿ, ಹೊಸ ಹಲ್ಲು ಬರುವ ತನಕ ಮೌನ ವ್ರತ ಹಿಡಿದಿರಿ. ಚಿತ್ರದುರ್ಗದ ಸೀಮೆಯಲ್ಲಿ ನೆಲದಡಿ ಬಂಡೆಯಿದೆ ಎಂಬ ಸತ್ಯವನ್ನು ಇಷ್ಟು ದೊಡ್ಡ ದೇಹದಿಂದ, ಇಷ್ಟು ಸದ್ದು ಮಾಡಿ, ಹನ್ನೆರಡು ಸಲ ಸಾಬೀತುಮಾಡಿದವರು ತಮಗಿಂತ ಮೊದಲು ಯಾರೂ ಇರಲಾರರು. ಈ ಸೇವೆಯನ್ನು ಊರವರು ಮರೆಯುವುದಿಲ್ಲ, ನನಗೂ ಮರೆಯಲು ಬಿಡುವುದಿಲ್ಲ.

ಈ ಸಂದರ್ಭದಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ಹಲ್ಲು ಬರುವುದು ತಡವಾಗುವುದಾದರೆ ಬಂಡೆಯೊಂದಿಗೆ ಮಾತುಕತೆಯಾಡಿ ಅದನ್ನು ಹತ್ತಡಿ ಕೆಳಗೆ ಸರಿಯಲು ಒಪ್ಪಿಸಬೇಕು. ಅದು ಒಪ್ಪದಿದ್ದಲ್ಲಿ, ಮುಂದಿನ ಜನಗಣತಿಯಲ್ಲಿ ನಮ್ಮ ಮನೆಯ ಸದಸ್ಯರಾಗಿ ಹೆಸರು ಬರೆಸಲು ತಾವು ಸಮ್ಮತಿ ಪತ್ರ ಕೊಡಬೇಕು.

ಪರೀಕ್ಷೆಯಲ್ಲಿ ಪುಡಿ ಬಂದದ್ದರ ಗುಟ್ಟು ಬಯಲಾದದ್ದು ಮೊನ್ನೆ. ಪರೀಕ್ಷೆಯ ದಿನ ಚೇತನ್‌ಕುಮಾರ್ ಬಿಟ್ಟುಹೋಗಿದ್ದ ಮಣ್ಣಿನ ಕವರನ್ನು ದೊಡ್ಡಕ್ಕ ಬಿಚ್ಚಿ, ಅಂಗೈಗೆ ಸುರಿದು, ಊದಿ ನೋಡಿ, "ಇದು ಮಣ್ಣಲ್ಲ ಬಿಡ್ರಿ, ಬೂದಿ ಹೊಟ್ಟು ಐತೆ. ಯಾವ್ದೋ ಹಗೇವು ಮುಚ್ಚ್ಯಾರೆ ಇಲ್ಲಿ" ಎಂದಳು. ಜೋಳ ರಾಗಿ ತುಂಬಿಡಲು ಹಿಂದಿನವರು ನೆಲದೊಳಗೆ ತೋಡುತ್ತಿದ್ದ ಕಣಜಕ್ಕೆ ನಮ್ಮಲ್ಲಿ ಹಗೇವು ಎನ್ನುತ್ತಾರೆ. ಅದರ ಬಾಯಿಯ ಮೇಲೆ ಭಾರ ಹೇರಬಾರದೆಂಬುದು ನಿಯಮ. ನಮ್ಮವರು ಹಗೇವನ್ನು ಮರೆತರು, ನಿಯಮವನ್ನು ಮಾತ್ರ ಬಿಡಲಿಲ್ಲ. ನಾವು ಮೂವರು ಸೇರಿ ಮೂರು ಜಾಗ ತಪ್ಪಿಸಿ ಆ ಬೂದಿಯನ್ನೇ ಪರೀಕ್ಷೆಗೆ ಕೊಟ್ಟೆವು. ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳುತ್ತೇನೆ, ಆದರೂ ದೂರು ತಮ್ಮ ಮೇಲೆಯೇ ಇರಲಿ, ತಮಗೆ ಅದನ್ನು ತಾಳುವ ಶಕ್ತಿ ಇದೆ.

ನಾಲ್ಕು ಆಳು ಎರಡು ದಿನ ಬುಟ್ಟಿಯಲ್ಲಿ ಬೂದಿ ಎತ್ತಿದರು. ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ತಿಳಿಯಲು ಇಳಿಯುವ ಮುಂಚೆ ಪ್ರತಿಸಲ ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಇಳಿದರು. ಬಂಡೆಗಳ ನಡುವಿನ ಮೆದು ಜಾಗವನ್ನು ಅದ್ಯಾವ ಮುತ್ತಜ್ಜ ಬರೀ ಹಾರೆಯಲ್ಲಿ ಕಂಡುಹಿಡಿದನೋ, ಹದಿನೈದು ಅಡಿ ಆಳ, ಗೋಡೆ ಇನ್ನೂ ಬಿಗಿ. ಇಂದು ಬೆಳಗ್ಗೆ ದೊಡ್ಡಕ್ಕ ಏಣಿ ಹಿಡಿದು ಇಳಿದು, ಗೋಡೆಗೆ ಕೆನ್ನೆ ಕೊಟ್ಟು ತಂಪು ನೋಡಿ, ಕೆಳಗಿನಿಂದಲೇ "ಸಾಕು ಇಷ್ಟು. ಮಗ್ಗ ತರ್ರಿ" ಎಂದಳು. ಮೇಲೆ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು. ಬೂದಿ ಹಾರಿತೆಂದು ಬೋರಯ್ಯನಿಗೆ ಹೇಳಿದೆ. ಈಗ ಚೇತನ್‌ಕುಮಾರ್ ಹಗೇವಿಗೆ ಮೆಟ್ಟಿಲೂ ಬೆಳಕಿಂಡಿಯೂ ಇಟ್ಟು, ಅದರ ಸುತ್ತ ಬಂಡೆಯ ಮೇಲೆಯೇ ಮನೆ ನಿಲ್ಲುವಂತೆ ಹೊಸ ನಕ್ಷೆ ಬರೆಯುತ್ತಿದ್ದಾರೆ. ಪೈಲ್ ಬೇಕಿಲ್ಲವಂತೆ.

ಹಸಿರು ಬಾವುಟವನ್ನು ಒಗೆದು ಮಡಿಚಿಟ್ಟುಕೊಂಡು ಕಾದಿರುವ,

ತಮ್ಮ ವಿಶ್ವಾಸಿ,
ನಿಂಗಪ್ಪ

ಮರೆತ ಮಾತು: ತಮ್ಮ ಹಲ್ಲುಗಳು ನಾಳೆ ಬರುತ್ತವೆ, ಹಾಕಿಸಿಕೊಂಡು ತಾವು ಹೊರಡಬಹುದು ಎಂದು ಈಗಷ್ಟೇ ಫೋನ್ ಬಂತು. ದಯವಿಟ್ಟು ನಾಳೆ ಹೊರಡಬೇಡಿ. ಹೊಸ ಕಂಬಳಿಯ ನೂಲನ್ನು ಉದ್ದಕ್ಕೆ ಹಾಸಿ ಹುಣಸೆಬೀಜದ ಗಂಜಿ ಹಚ್ಚಲು ದೊಡ್ಡಕ್ಕನಿಗೆ ಎರಡು ಗಟ್ಟಿ ಆಸರೆ ಬೇಕಿತ್ತು. ಒಂದು ತುದಿಯನ್ನು ಬೇವಿನ ಮರಕ್ಕೂ ಇನ್ನೊಂದು ತುದಿಯನ್ನು ತಮಗೂ ಕಟ್ಟಿದ್ದಾಳೆ. ಗಂಜಿ ಒಣಗುವ ತನಕ ಅಲುಗಾಡಬಾರದೆಂದು ತಿಳಿಸಲು ಹೇಳಿದ್ದಾಳೆ. ಇಪ್ಪತ್ಮೂರು ದಿನಗಳಲ್ಲಿ ನಮ್ಮ ಸೈಟಿನಲ್ಲಿ ನೆಟ್ಟಗೆ ನಿಂತ ಕಂಬ ತಾವೊಬ್ಬರೇ.