ಪಿ.ಟಿ. ಸರ್ ಸೊರಗಿದ ಪ್ರಸಂಗ

ನಮ್ಮ ಕಡೆ ಗಂಡಸೊಬ್ಬ ರಸ್ತೆಯಲ್ಲಿ ನಡೆದು ಹೋಗುವುದಕ್ಕೆ ಒಪ್ಪಿತವಾದ ಕಾರಣಗಳು ಬಹಳ ಇಲ್ಲ. ಗಾಡಿಯಲ್ಲಿ ಪೆಟ್ರೋಲ್ ತೀರಿರಬೇಕು, ಇಲ್ಲವೆ ಹೆಂಡತಿಯೊಡನೆ ಜಗಳವಾಗಿರಬೇಕು, ಇಲ್ಲವೆ ದೇವರಿಗೆ ಹರಕೆ ಹೊತ್ತಿರಬೇಕು. ಇದಾವುದೂ ಅಲ್ಲದೆ, ಕೈಯಲ್ಲಿ ಚೀಲವಿಲ್ಲದೆ, ಎಲ್ಲಿಗೂ ಹೋಗುವ ಉದ್ದೇಶವಿಲ್ಲದೆ, ಸುಮ್ಮನೆ ಒಂದಷ್ಟು ದೂರ ನಡೆದು ಬಂದ ದಾರಿಯಲ್ಲೇ ತಿರುಗಿ ಬರುವವನನ್ನು ಕಂಡರೆ ಜನರಿಗೆ ಮೊದಲು ಅನುಮಾನ, ಆಮೇಲೆ ಕನಿಕರ. ಅನುಮಾನವನ್ನು ಹೇಗೋ ಸಹಿಸಬಹುದು. ನನ್ನನ್ನು ಹಣ್ಣುಗಾಯಿ ಮಾಡಿದ್ದು ಈ ಕನಿಕರ.

ನಾನು ಗೊಬ್ಬೂರಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಹೀಗೆಂದಾಗ ಹೊಸಬರು ನನ್ನ ಮುಖ ನೋಡಿ, ಹೊಟ್ಟೆ ನೋಡಿ, ಮತ್ತೆ ಮುಖ ನೋಡಿ, "ಹೌದ್ರಿ?" ಎನ್ನುತ್ತಿದ್ದರು. ಅವರ ತಪ್ಪಿಲ್ಲ. ಕೆಲಸಕ್ಕೆ ಸೇರಿದಾಗ ಮಕ್ಕಳ ಜೊತೆ ನಾನೂ ಓಡುತ್ತಿದ್ದೆ. ಆಮೇಲೆ ಮೈದಾನದ ಅಂಚಿನಲ್ಲಿ ನಿಂತು ಓಡಿಸತೊಡಗಿದೆ. ಆಮೇಲೆ ಬೇವಿನ ಗಿಡದ ನೆರಳಿಗೆ ಒಂದು ಕುರ್ಚಿ ಬಂತು. ಕೊನೆಗೆ ನನ್ನ ಪಾಲಿಗೆ ಉಳಿದ ದೈಹಿಕ ಶ್ರಮವೆಂದರೆ ಸೀಟಿ ಊದುವುದೊಂದೇ. ಒಂದು ದಿನ ಆ ಸೀಟಿ ಊದುವಾಗಲೂ ಉಸಿರು ಸಾಲದೆ, ಅದು ಕುಂಯ್ ಎಂದು ಅರ್ಧಕ್ಕೇ ನಿಂತಿತು. ಮೈದಾನದಲ್ಲಿದ್ದ ಮಕ್ಕಳು ಇದೇನೋ ಹೊಸ ಸಂಜ್ಞೆ ಎಂದುಕೊಂಡು ನೆಲಕ್ಕೆ ಕುಳಿತುಬಿಟ್ಟರು.

ಕಲಬುರಗಿಯ ಡಾಕ್ಟರು ರಕ್ತ ತೆಗೆಸಿ ನೋಡಿ, ಶುಗರ್ ಹೊಸ್ತಿಲಿಗೆ ಬಂದು ನಿಂತಿದೆ, ಒಳಗೆ ಕರೆಯುವುದೂ ಹೊರಗೆ ಕಳಿಸುವುದೂ ನಿಮ್ಮ ಕೈಯಲ್ಲೇ ಇದೆ ಎಂದರು. ಕೆಲವು ತಿಂಗಳು ದಿನಾ ನಡೆಯಬೇಕು, ಊಟ ಹಿಡಿತದಲ್ಲಿರಬೇಕು. ತೂಕ ಇಳಿದರೆ ಸರಿ, ಇಲ್ಲದಿದ್ದರೆ ಮೊದಲು ಗುಳಿಗೆ, ಆಮೇಲೆ ಸೂಜಿ. ಸೂಜಿ ಎಂದ ಕೂಡಲೇ ನನಗೆ ಅಪ್ಪ ನೆನಪಾದ. ನಮ್ಮಪ್ಪ ಕೊನೆಗಾಲದಲ್ಲಿ ದಿನಾ ಊಟಕ್ಕೆ ಮೊದಲು ಧೋತರ ಸರಿಸಿ ತೊಡೆಯೊಡ್ಡಿ ಕೂಡುತ್ತಿದ್ದ. ಸೂಜಿ ಚುಚ್ಚುತ್ತಿದ್ದವಳು ನಮ್ಮ ಅಕ್ಕ ಗುರುಬಾಯಿ. ನಾನು ಅಷ್ಟು ಹೊತ್ತು ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದೆ. ಅಪ್ಪನ ಕಾಲಿಗೆ ಆದ ಗಾಯ ಕೊನೆಯವರೆಗೂ ಮಾಯಲಿಲ್ಲ. ಅದೆಲ್ಲ ಕಂಡುಂಡ ಅಕ್ಕನಿಗೆ ನನ್ನ ಶುಗರ್ ವಿಷಯ ತಿಳಿದರೆ ಜೇವರ್ಗಿಯಲ್ಲಿ ಅವಳಿಗೆ ಅನ್ನ ಸೇರುವುದಿಲ್ಲ. ಹಾಗಾಗಿ ಯಾರಿಗೂ ಹೇಳಬೇಡ ಎಂದು ಹೆಂಡತಿ ನೀಲಮ್ಮನಿಂದ ಮಾತು ತೆಗೆದುಕೊಂಡೆ. ಈ ಮಾತೇ ಮುಂದೆ ಅವಳ ಕುತ್ತಿಗೆಗೆ ಬಂತು.

ಮರುದಿನ ಬೆಳಿಗ್ಗೆ ಎದ್ದು, ನಾನೇ ಮಕ್ಕಳಿಗೆ ಕಲಿಸಿದ ವಿದ್ಯೆಯಲ್ಲವೇ ಎಂದು ಓಡಿಯೇಬಿಟ್ಟೆ. ಊರಿನ ಬಸ್ ಸ್ಟ್ಯಾಂಡಿನವರೆಗೆ ಓಡಿದ ನೆನಪಿದೆ. ಆಮೇಲೆ ಯಾರೋ ನೀರು ಕುಡಿಸುತ್ತಿದ್ದರು. ಓಟ ಕೈಬಿಟ್ಟು ನಡಿಗೆ ಹಿಡಿದೆ. ಆಗ ಶುರುವಾಯಿತು ನೋಡಿ ಕನಿಕರದ ಕಾಟ. ಕಲಬುರಗಿ ರಸ್ತೆಯಲ್ಲಿ ಬೆಳಿಗ್ಗೆ ಓಡಾಡುವ ಮೋಟಾರ್ ಸೈಕಲ್ಲುಗಳಲ್ಲಿ ಅರ್ಧ ನನ್ನ ಹಳೆಯ ವಿದ್ಯಾರ್ಥಿಗಳವು. ಪರಿಚಯದವನು, ಅದರಲ್ಲೂ ಪಾಠ ಹೇಳಿದವನು, ನಡೆದು ಹೋಗುತ್ತಿರುವಾಗ ಗಾಡಿ ನಿಲ್ಲಿಸದೆ ಹೋಗುವುದು ನಮ್ಮ ಕಡೆ ಬೈಗುಳಕ್ಕೆ ಸಮ. ಕರೆದಾಗ ಹತ್ತದಿರುವುದು ಅದಕ್ಕಿಂತ ದೊಡ್ಡ ಬೈಗುಳ. ಮೊದಲ ದಿನವೇ ಸಿದ್ದು ಎಂಬವನು ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿದ.

"ಯಾಕ್ರಿ ಸರ್, ನಡಕೋತ ಹೊಂಟೀರಿ? ಕೂಡ್ರಿ."

"ವಾಕಿಂಗ್ ಹೊಂಟೇನಿ ಮಾರಾಯ."

"ಎಲ್ಲಿಗಾರ ಹೋಗ್ರಿ, ನಾ ಬಿಡ್ತೇನಿ."

ಹತ್ತಿ ಕುಳಿತೆ. ಅವನು ಚೌಡಾಪುರದವರೆಗೆ ಕರೆದೊಯ್ದು, ದಣಿದಿದ್ದೀರಿ ಸರ್ ಎಂದು ಒಂದು ಪ್ಲೇಟು ಮಂಡಕ್ಕಿ ಸುಸಲಾ, ಅದರ ಮೇಲೆ ಬಿಸಿ ಮಿರ್ಚಿ ಭಜ್ಜಿ ತಿನ್ನಿಸಿ, ಸಕ್ಕರೆ ಮುಂದಾದ ಚಹಾ ಕುಡಿಸಿ, ಬಸ್ಸು ಹತ್ತಿಸಿ ಕಳಿಸಿದ. ಮರುದಿನ ಟಂಟಂ ಆಟೋ ನಿಂತಿತು. ಅದರ ಮರುದಿನ ತೊಗರಿ ಹೇರಿದ ಟ್ರ್ಯಾಕ್ಟರು. ವಾಕಿಂಗ್ ಹೆಸರಿನಲ್ಲಿ ನಾನು ತಾಲೂಕಿನ ಅರ್ಧ ಹೋಟೆಲುಗಳನ್ನು ನೋಡಿ ಬಂದೆ. ತಕ್ಕಡಿ ಹತ್ತಿ ನೋಡಿದರೆ ತೂಕ ಇಳಿದಿರಲಿಲ್ಲ. ಇಳಿಯಲಿಲ್ಲ ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ, ಏರಿತ್ತು.

ಊಟದ ಕಡೆ ಬೇರೆಯೇ ಕಥೆ. ಡಾಕ್ಟರು ಊಟಕ್ಕೆ ಎರಡೇ ರೊಟ್ಟಿ ಎಂದಿದ್ದರು. ನೀಲಮ್ಮ ಕಡಗಂಚಿಯವಳು, ಹೇಳಿದ ಮಾತು ಮೀರುವವಳಲ್ಲ. ಎರಡೇ ಬಡಿದಳು. ಆದರೆ ಆ ಎರಡು ತಾಟಿನ ಅಂಚು ದಾಟಿ ಹೊರಗೆ ಇಳಿಬಿದ್ದಿದ್ದವು. ಹಿಟ್ಟಿನ ಲೆಕ್ಕ ಡಾಕ್ಟರು ಹೇಳಿಲ್ಲವಲ್ಲ ಎಂದಳು. ಅವಳಿಗೆ ನನ್ನ ಮೇಲೆ ಪ್ರೀತಿ ಇದೆ ಎಂದು ನನಗೆ ಗೊತ್ತಿತ್ತು, ಅದು ಜೋಳದ ರೂಪದಲ್ಲಿದೆ ಎಂದು ಆಗ ತಿಳಿಯಿತು. ಒಂದು ವಾರ ವಾದವಾಗಿ ಕೊನೆಗೆ ರೊಟ್ಟಿ ತಾಟಿನೊಳಗೆ ಬಂತು. ಅದರ ಜೊತೆ ಪುಂಡಿಪಲ್ಯ, ಹಸಿ ಮೂಲಂಗಿ, ಮೆಂತ್ಯೆ ತಪ್ಪಲು, ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಮೊದಮೊದಲು ಅಷ್ಟೊಂದು ತಪ್ಪಲು ನೋಡಿ ಕೊಟ್ಟಿಗೆಯ ಎಮ್ಮೆ ನನ್ನನ್ನು ಹೊಟ್ಟೆಕಿಚ್ಚಿನಿಂದ ನೋಡಿದಂತೆ ಅನಿಸುತ್ತಿತ್ತು. ಬರಬರುತ್ತ ನಾಲಿಗೆಗೆ ಹಿಡಿಸಿತು.

ಗಾಡಿಗಳ ಕಾಟಕ್ಕೆ ರಸ್ತೆಯನ್ನೇ ಬಿಟ್ಟು ಹೊಲಗಳ ನಡುವಿನ ಕಾಲುದಾರಿ ಹಿಡಿದೆ. ಅಲ್ಲಿ ಯಾವ ಶಿಷ್ಯನ ಗಾಡಿಯೂ ಬರುವಂತಿಲ್ಲ. ಮಳೆ ಬಿದ್ದ ಮಾರನೆಯ ದಿನ ಮಾತ್ರ ಕರಿಮಣ್ಣು ಬೂಟಿಗೆ ಮೆತ್ತಿಕೊಂಡು, ಹೊಟ್ಟೆಯಿಂದ ಇಳಿಸಿದ್ದೆಲ್ಲ ಕಾಲಿಗೆ ಬಂದು ಸೇರುತ್ತಿತ್ತು. ಆದರೂ ಬಿಡಲಿಲ್ಲ. ಅವಸರ ಬಿಟ್ಟು, ಮಾತಾಡುತ್ತ ನಡೆಯಬಹುದಾದಷ್ಟು ನಿಧಾನಕ್ಕೆ, ಆದರೆ ಎಲ್ಲೂ ಕೂಡದೆ ನಡೆದೆ. ಬೇಸಿಗೆ ಮುಗಿದು ತೊಗರಿ ಹೂ ಬಿಡುವ ಹೊತ್ತಿಗೆ ನಡುನಡುವೆ ಒಂದಿಷ್ಟು ದೂರ ಓಡಲೂ ಬರುತ್ತಿತ್ತು. ಬೆಲ್ಟಿಗೆ ಹೊಸ ತೂತು ಬಿತ್ತು. ಸೀಟಿ ಮೊದಲಿನಂತೆ ಊರಿಗೆಲ್ಲ ಕೇಳತೊಡಗಿತು. ನನಗೆ ಆದ ಸಂತೋಷ ಹೇಳತೀರದು.

ಆದರೆ ಈ ಸಂತೋಷ ನನ್ನೊಬ್ಬನದೇ ಆಗಿತ್ತು. ಊರಿನ ಕಣ್ಣಿಗೆ ನಾನು ತೆಳ್ಳಗಾಗಿರಲಿಲ್ಲ, ಸೊರಗಿದ್ದೆ. "ಏನ್ರಿ ಸರ್, ಇಷ್ಟ್ಯಾಕ ಸೊರಗೀರಿ? ಮನ್ಯಾಗ ಎಲ್ಲಾ ಆರಾಮ ಅದ ಇಲ್ಲೊ?" ಎಂದು ಸಿಕ್ಕಸಿಕ್ಕವರು ಕೇಳತೊಡಗಿದರು. ವಾಕಿಂಗ್ ಮಾಡುತ್ತೇನೆ ಎಂದರೆ, ಪಾಪ, ಮುಚ್ಚಿಡುತ್ತಿದ್ದಾನೆ ಎಂಬಂತೆ ತಲೆಯಾಡಿಸಿ ಧೈರ್ಯ ಹೇಳುತ್ತಿದ್ದರು. ಬಾಳೆಹಣ್ಣು, ಬಿಸ್ಕತ್ತು ಹಿಡಿದು ಮನೆಗೆ ನೋಡಲು ಬಂದರು. ಬಂದವರು ಹೋಗುವಾಗ ನೀಲಮ್ಮನನ್ನು ಒಂದು ಥರಾ ನೋಡಿ ಹೋಗುತ್ತಿದ್ದರು. ಗಂಡನ ಹೊಟ್ಟೆ ನಮ್ಮ ಕಡೆ ಹೆಂಡತಿಯ ಕೈಗುಣಕ್ಕೆ ಊರು ಕೊಡುವ ಸರ್ಟಿಫಿಕೇಟು. ಹಿಟ್ಟಿನ ಗಿರಣಿಯಲ್ಲಿ ಸಾಲಿನಲ್ಲಿ ನಿಂತ ಹೆಂಗಸರು ಇವಳ ಜೋಳದ ಚೀಲ ಸಣ್ಣದಾದುದನ್ನು ಗುರುತಿಸಿದ್ದರು. ಮೇಷ್ಟರ ಮನೆಯಲ್ಲಿ ಉಣ್ಣಲು ಹಾಕುತ್ತಿಲ್ಲ ಎಂಬ ಸುದ್ದಿ ಗಿರಣಿಯಿಂದ ಹೊರಟು, ಹೇಗೋ ಜೇವರ್ಗಿ ಮುಟ್ಟಿತು.

ಒಂದು ಭಾನುವಾರ ಅಕ್ಕ ಗುರುಬಾಯಿ ಬಸ್ಸಿಳಿದು ಬಂದಳು. ಎರಡು ಚೀಲದ ತುಂಬ ಶೇಂಗಾ ಹೋಳಿಗೆ, ತುಪ್ಪ, ಅಂಟಿನ ಉಂಡಿ. ಅಂಟಿನ ಉಂಡಿಯನ್ನು ನಮ್ಮಲ್ಲಿ ಬಾಣಂತಿಯರಿಗೆ ಮಾಡುತ್ತಾರೆ ಎಂಬುದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ. ಅವಳು ನನ್ನ ರಟ್ಟೆ ಹಿಡಿದು ನೋಡಿದಳು, ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ನೀಲಮ್ಮನಿಗೆ ಏನೂ ಅನ್ನಲಿಲ್ಲ. ಒಲೆಯ ಮುಂದಿನ ಜಾಗ ಮಾತ್ರ ತಾನೇ ಹಿಡಿದು ಕುಳಿತು, ತಮ್ಮ ಮೈ ತುಂಬಿಕೊಳ್ಳುವವರೆಗೆ ತಾನೇ ರೊಟ್ಟಿ ಬಡಿಯುವುದಾಗಿ ಹೇಳಿದಳು.

ನೀಲಮ್ಮ ಅಳುತ್ತ ಹಿತ್ತಲಿಗೆ ನನ್ನ ಹತ್ತಿರ ಬಂದಳು. ಅವಳು ಅಳುವುದನ್ನು ನಾನು ಬಹಳ ನೋಡಿಲ್ಲ.

"ನಿಮ್ಮ ತೂಕ ಇಳೀತ್ರಿ, ಅದರ ಕೂಡ ನನ್ನ ಮರ್ಯಾದಿನೂ ಇಳೀತು," ಅಂದಳು. "ಹೇಳಬ್ಯಾಡ ಅಂದ್ರಿ, ಹೇಳಿಲ್ಲ. ಈಗ ನೀವರ ಹೇಳ್ರಿ."

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಊರೆಲ್ಲ ಅವಳನ್ನು ದೂರುತ್ತಿದ್ದಾಗ ನಾನು ಕನ್ನಡಿಯ ಮುಂದೆ ನಿಂತು ಹೊಟ್ಟೆ ಒಳಗೆಳೆದು ನೋಡಿಕೊಳ್ಳುತ್ತಿದ್ದೆ. ಒಳಗೆ ಹೋಗಿ ಅಕ್ಕನ ಎದುರು ಕುಳಿತು ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು, ಅಪ್ಪನ ಸೂಜಿ ನೆನಪಾದದ್ದು, ಇವಳ ಬಾಯಿ ಕಟ್ಟಿಸಿದ್ದು. ಅಕ್ಕನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಹಾಗೇ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೈ ತೊಳೆದು, ತನ್ನ ಚೀಲ ಎಳೆದುಕೊಂಡು, ಹೋಳಿಗೆ ಡಬ್ಬಿಯ ಕೆಳಗಿನಿಂದ ಗುಳಿಗೆಗಳ ಒಂದು ಸ್ಟ್ರಿಪ್ಪು ತೆಗೆದು ನನ್ನ ಮುಂದಿಟ್ಟಳು.

"ನಂಗೂ ಅದ ತಮ್ಮಾ, ಭಾಳ ದಿನದಿಂದ. ನೀ ಅಂಜ್ತೀದಿ ಅಂತ ಹೇಳಿಲ್ಲ."

ನಾವಿಬ್ಬರೂ ಅಪ್ಪನ ಮಕ್ಕಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆಮೇಲೆ ಅಕ್ಕ ಎದ್ದು ಒಲೆಯ ಮುಂದಿನ ಜಾಗ ಬಿಟ್ಟುಕೊಟ್ಟು, "ಬಾರವ್ವ ನೀಲವ್ವ, ನಂಗೂ ಎರಡ ರೊಟ್ಟಿ ಬಡಿ, ಸಣ್ಣವು" ಎಂದಳು. ತಂದ ಹೋಳಿಗೆ, ಉಂಡಿ ಓಣಿಗೆಲ್ಲ ಹಂಚಿದ್ದಾಯಿತು. ಹಂಚುತ್ತ ಮನೆಮನೆಯಲ್ಲಿ ನಿಂತು, ನನ್ನ ತಮ್ಮನನ್ನು ಸೂಜಿಯಿಂದ ಉಳಿಸಿದವಳು ಇವಳೇ ಎಂದು ಅಕ್ಕ ಹೇಳಿ ಬಂದಳು. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಜೇವರ್ಗಿಗೆ ಹೋದ ಮೇಲೂ ನಡಿಗೆ ಬಿಟ್ಟಿಲ್ಲವಂತೆ. ಯಾರಾದರೂ ಗಾಡಿ ನಿಲ್ಲಿಸಿದರೆ ಅವರನ್ನೇ ಇಳಿಸಿ ನಡೆಸುತ್ತಾಳೆ ಎಂದು ಕೇಳಿದ್ದೇನೆ.

ಮೊನ್ನೆ ಕಲಬುರಗಿಗೆ ಹೋಗಿ ರಕ್ತ ತೋರಿಸಿ ಬಂದೆವು. ಡಾಕ್ಟರು ರಿಪೋರ್ಟು ನೋಡಿ, ಹೀಗೇ ನಡೆಸಿ, ಗುಳಿಗೆ ಬೇಡ ಎಂದರು. ನೀಲಮ್ಮನನ್ನು ಹಿಂದೆ ಕೂಡಿಸಿಕೊಂಡು ಗಾಡಿಯ ಮೇಲೆ ಊರ ಹತ್ತಿರ ಬಂದಾಗ ಸಂಜೆಯಾಗಿತ್ತು. ರಸ್ತೆಯ ಅಂಚಿನಲ್ಲಿ ನಮ್ಮ ಹೆಡ್‌ಮಾಸ್ತರರು ಹೊಸ ಬೂಟು ಹಾಕಿಕೊಂಡು, ಬೆವರಿಳಿಸುತ್ತ, ಒಬ್ಬರೇ ನಡೆದು ಹೋಗುತ್ತಿದ್ದರು. ಮುಖ ಯಾಕೋ ಬಾಡಿತ್ತು. ನೋಡಿಯೂ ಹೇಗೆ ಬಿಟ್ಟು ಬರುವುದು? ನನ್ನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಕೂಡ್ರಿ ಸರ್ ಎಂದೆ. ಅವರು ವಾಕಿಂಗ್ ಎಂದೇನೋ ಅಂದರು. ಅದೆಲ್ಲ ಇರಲಿ, ಕೂಡ್ರಿ ಎಂದೆ. ನೀಲಮ್ಮ ಹಿಂದಿನಿಂದ ಇಳಿದು, ಸೆರಗು ಸಿಕ್ಕಿಸಿಕೊಂಡು, ಊರ ಕಡೆ ನಡೆಯತೊಡಗಿದಳು. ಹೆಡ್‌ಮಾಸ್ತರರು ಬೇರೆ ದಾರಿಯಿಲ್ಲದೆ ಹತ್ತಿ ಕುಳಿತರು. ಗಾಡಿ ಹೊರಡಿಸುತ್ತ ನಾನು ಹಿಂದೆ ತಿರುಗಿ, ಬಹಳ ಕಾಳಜಿಯಿಂದ ಕೇಳಿದೆ:

"ಯಾಕ್ರಿ ಸರ್, ಇಷ್ಟ್ಯಾಕ ಸೊರಗೀರಿ? ಮನ್ಯಾಗ ಎಲ್ಲಾ ಆರಾಮ ಅದ ಇಲ್ಲೊ?"